ದೇವರಾಜ ಮಾರ್ಕೆಟ್‌ನ ಗ್ರಂಥಿಗೆ ಅಂಗಡಿ: ಮೂರು ಗೆರೆಯ ಪಲಾವ್ ಎಲೆ

ಶನಿವಾರ ಬಂತು ಅಂದ್ರೆ ನಮ್ಮ ಮನೆಯಲ್ಲಿ 35 ಡಬ್ಬಿ ತರಕಾರಿ ಪಲಾವ್ ಆಗಬೇಕು. ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ಊಟದ ಆರ್ಡರ್ ಮಾಡುತ್ತೇನೆ, ಇದು ಆರನೇ ವರ್ಷ. ಹೋದ ತಿಂಗಳು ಮಾಮೂಲಿ ಗಿರಾಕಿಯೊಬ್ಬರು ಫೋನ್ ಮಾಡಿ, "ಯಾಕೋ ಮೊದಲಿನ ಹಾಗೆ ಘಮ್ ಅಂತಿಲ್ಲ ಕಣಮ್ಮ" ಅಂದರು. ಅಕ್ಕಿ ಅದೇ, ತುಪ್ಪ ಅದೇ, ಚಕ್ಕೆ ಲವಂಗ ಅದೇ. ಬದಲಾಗಿದ್ದು ಎಲೆ ಮಾತ್ರ. ಅವಸರಕ್ಕೆ ಆನ್‌ಲೈನ್‌ನಲ್ಲಿ ತರಿಸಿದ್ದೆ. ಅರ್ಧಕ್ಕರ್ಧ ಪುಡಿ, ಉಳಿದದ್ದು ಒಣಹುಲ್ಲಿನ ಬಣ್ಣ. ಮುರಿದು ಮೂಗಿಗೆ ಹಿಡಿದರೆ ರಟ್ಟಿನ ವಾಸನೆ. ಆರು ವರ್ಷದಲ್ಲಿ ಕೇಳಿದ ಮೊದಲ ದೂರು ಅದು, ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ಬೆಳಿಗ್ಗೆಯೇ ದೇವರಾಜ ಮಾರ್ಕೆಟ್‌ಗೆ ಹೋದೆ. 2016ರಲ್ಲಿ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದಾಗಿನಿಂದ ಒಳಗೆ ಕಾಲಿಟ್ಟರೆ ಒಮ್ಮೆ ಮೇಲೆ ನೋಡುವ ಅಭ್ಯಾಸವಾಗಿದೆ. ಆದರೂ ಆ ಜಾಗ ಬಿಡೋಕೆ ಮನಸ್ಸಿಲ್ಲ. ಹೂವಿನ ಸಾಲು ದಾಟಿ, ಕುಂಕುಮದ ಗುಡ್ಡೆಗಳ ಪಕ್ಕದಲ್ಲಿ ನಾನು ಹೇಳುತ್ತಿರುವ ಗ್ರಂಥಿಗೆ ಅಂಗಡಿ ಇದೆ. ಬೋರ್ಡು ಇಲ್ಲ. ಎರಡು ಜನ ನಿಂತರೆ ಮೂರನೆಯವರು ಕಾಯಬೇಕು.

ಯಜಮಾನರು ಒಂದು ಎಲೆ ತೆಗೆದು ಬಲ್ಬಿನ ಬೆಳಕಿಗೆ ಹಿಡಿದು ತೋರಿಸಿದರು. ತೊಟ್ಟಿನ ಹತ್ತಿರದಿಂದ ತುದಿಯವರೆಗೆ ಉದ್ದಕ್ಕೆ ಮೂರು ಗೆರೆ. "ಇದು ನಮ್ಮ ಎಲೆ. ಮಧ್ಯ ಒಂದೇ ಗೆರೆ ಇದ್ದರೆ ಅದು ಬೇರೆ ಮರ." ಮಧ್ಯಕ್ಕೆ ಮುರಿದರು, ಟಪ್ ಅಂತು. ಚಕ್ಕೆ ಮತ್ತು ಲವಂಗದ ನಡುವಿನ ಒಂದು ಪರಿಮಳ ಬಂತು. ಬಣ್ಣ ಮಾಸಲು ಹಸಿರು, ಕಂದು ತಿರುಗಿಲ್ಲ. ಚಕ್ಕೆ ಮರದ ಕುಟುಂಬದ್ದೇ ಅಲ್ವಾ, ಹಾಗಾಗಿ ಆ ವಾಸನೆ. ಡಬ್ಬದ ಮೇಲೆ ಪೆನ್ನಿನಲ್ಲಿ 'ತಮಾಲಪತ್ರೆ' ಅಂತ ಬರೆದಿದೆ. ಸುಮಾರು 2000 ವರ್ಷದ ಹಿಂದೆ ಕೇರಳ ಕರಾವಳಿಯ ಬಂದರುಗಳಿಂದ ರೋಮ್‌ಗೆ ಹಡಗಿನಲ್ಲಿ ಹೋಗುತ್ತಿದ್ದ 'ಮಲಬಾತ್ರಮ್' ಎಂಬ ಎಲೆಯ ಹೆಸರು ಹುಟ್ಟಿದ್ದು ಇದೇ ಪದದಿಂದ. ಅದನ್ನು ಓದಿದ್ದ ನನಗೆ ಆ ಕೈಬರಹ ನೋಡಿ ತುಂಬಾ ಖುಷಿಯಾಯಿತು.

ಬೆಲೆ 100 ಗ್ರಾಂಗೆ 40 ರೂಪಾಯಿ. ಎಲೆ ಹಗುರ, 100 ಗ್ರಾಂ ಅಂದರೆ ದೊಡ್ಡ ಪೊಟ್ಟಣ. ನನಗೆ ಎರಡು ತಿಂಗಳಿಗೆ ಸಾಕು. ಆ ಶನಿವಾರ 4 ಕೆಜಿ ಅಕ್ಕಿಗೆ 10 ಎಲೆ ಹಾಕಿದೆ. ಬಿಸಿ ತುಪ್ಪಕ್ಕೆ ಮೊದಲು ಎಲೆ, ಅಂಚು ಸ್ವಲ್ಪ ಕೆಂಪಾಗುವಾಗ ಉಳಿದ ಮಸಾಲೆ. ಬಡಿಸುವ ಮುಂಚೆ ಲೆಕ್ಕ ಮಾಡಿ ಹತ್ತೂ ತೆಗೆಯುತ್ತೇನೆ. ಎಷ್ಟು ಬೇಯಿಸಿದರೂ ಈ ಎಲೆ ಮೆತ್ತಗಾಗುವುದಿಲ್ಲ, ಮಕ್ಕಳ ಗಂಟಲಿಗೆ ಸಿಕ್ಕರೆ ಕಷ್ಟ. ಅದೇ ಗಿರಾಕಿ ಮಧ್ಯಾಹ್ನ ಫೋನ್ ಮಾಡಿ, "ಈಗ ಸರಿಯಾಯ್ತು ನೋಡಿ" ಅಂದರು.

ಮುರಿದ ಎಲೆಗಳನ್ನು ಬೇರೆ ಮಾಡಿ ಅರ್ಧ ಬೆಲೆಗೆ ಧೂಪಕ್ಕೆ ಅಂತ ಕೊಡುತ್ತಾರೆ. ಶುಕ್ರವಾರ ಸಂಜೆ ನಮ್ಮತ್ತೆ ಸಾಂಬ್ರಾಣಿ ಕೆಂಡದ ಮೇಲೆ ಎರಡು ತುಂಡು ಹಾಕಿ ಮನೆಯೆಲ್ಲ ಹಿಡಿಯುತ್ತಾರೆ. ಕಿಟಕಿ ತೆಗೆದಿಟ್ಟೇ ಮಾಡಿ, ಉಬ್ಬಸ ಇರುವವರು ದೂರ ಇರಿ. ನನ್ನ ಅಕ್ಕನ ಮಗಳು ಮೊಬೈಲ್‌ನಲ್ಲಿ ನೋಡಿ ಎಲೆಯ ಮೇಲೆ ಆಸೆ ಬರೆದು ಸುಡುವುದನ್ನು ಕಲಿತಿದ್ದಾಳೆ. ಅದಕ್ಕೆಂದೇ 20 ಗ್ರಾಂಗೆ 250 ರೂಪಾಯಿ ಕೊಟ್ಟು ವಿದೇಶಿ ಎಲೆ ತರಿಸಿದ್ದಳು. ನೋಡಿದರೆ ಮಧ್ಯ ಒಂದೇ ಗೆರೆ, ಮೂಗಿಗೆ ನೀಲಗಿರಿ ಎಣ್ಣೆಯ ಹಾಗೆ. ಅದು ಮೆಡಿಟರೇನಿಯನ್ ಕಡೆಯ ಲಾರೆಲ್. ಗ್ರೀಸ್‌ನ ಡೆಲ್ಫಿಯಲ್ಲಿ ಅಪೋಲೊ ದೇವರ ಹೆಸರಿನ ಆಟಗಳಲ್ಲಿ ಗೆದ್ದವರ ತಲೆಗೆ ಅದರ ಕಿರೀಟ ಇಡುತ್ತಿದ್ದರು. ಒಳ್ಳೆಯ ಎಲೆಯೇ, ಸೂಪ್‌ಗೆ ಚೆನ್ನ. ನಮ್ಮ ಪಲಾವ್‌ಗೆ ಒಗ್ಗಲ್ಲ. ಅವಳು ಬರೆದದ್ದು "ಅಜ್ಜಿಯ ಮಂಡಿ ಆಪರೇಷನ್ ಚೆನ್ನಾಗಿ ಆಗಲಿ" ಅಂತ. ಬರೆದು ಸುಟ್ಟರೆ ಆಗುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಆದರೆ ಆ ಅಕ್ಷರ ನೋಡಿ ನನ್ನ ಕಣ್ಣು ತುಂಬಿತು. ಮುಂದಿನ ಸಲಕ್ಕೆ ಈ ಅಂಗಡಿಯ ಅಗಲವಾದ ಎಲೆ ನಾಲ್ಕು ಆರಿಸಿ ಕೊಟ್ಟಿದ್ದೇನೆ.

ಕಷಾಯಕ್ಕೂ ಇದೇ ಎಲೆ. ಒಂದು ಎಲೆ, ಅರ್ಧ ಚಮಚ ಜೀರಿಗೆ, ಎರಡು ಲೋಟ ನೀರು ಒಂದಾಗುವವರೆಗೆ ಕುದಿಸಿ. ಮದುವೆ ಊಟದ ಮಾರನೇ ದಿನ ಹೊಟ್ಟೆ ಹಗುರ ಅನಿಸುತ್ತದೆ. ಪಕ್ಕದ ಮನೆಯವರು ಇದನ್ನು ಕುಡಿದು ಶುಗರ್ ಮಾತ್ರೆ ಬಿಡ್ತೀನಿ ಅಂದಾಗ ಮಾತ್ರ ನಾನು ಜಗಳವನ್ನೇ ಆಡಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಒಂದು ಕೊರತೆ ಹೇಳಲೇಬೇಕು. ಮುಂದಿನ ಚೀಲ ಓಡಾಡುವ ದಾರಿಗೆ ತೆರೆದೇ ಇರುತ್ತದೆ, ಧೂಳು ಜಾಸ್ತಿ. ಒಳಗಿನ ಡಬ್ಬದಿಂದ ಕೊಡಿ ಅಂತ ಕೇಳಿ, ಬೇಜಾರಿಲ್ಲದೆ ಕೊಡುತ್ತಾರೆ. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಕೊಡಗಿನ ಕಡೆಯಿಂದ ಕೆಲವೊಮ್ಮೆ ಕಾಡು ದಾಲ್ಚಿನ್ನಿಯ ಹಸಿ ಎಲೆಯೂ ಬರುತ್ತದೆ. ತಿರುವನಂತಪುರದ ಆಟ್ಟುಕಾಲ್ ಪೊಂಗಾಲದಲ್ಲಿ ಹೆಂಗಸರು ದೇವಿಗೆ ಮಾಡುವ ತೆರಳಿ ಅಪ್ಪ ಇಂಥ ಎಲೆಯಲ್ಲೇ ಬೇಯುವುದು. ನಾನೂ ಒಮ್ಮೆ ಮಾಡಿದೆ. ಅಕ್ಕಿ ಹಿಟ್ಟು, ಬೆಲ್ಲ, ಏಲಕ್ಕಿ ಬಾಳೆ, ತೆಂಗಿನ ತುರಿ ಕಲಸಿ, ಎಲೆಯನ್ನು ಪೊಟ್ಟಣದ ಹಾಗೆ ಸುತ್ತಿ ತುಂಬಿ, ಕಡ್ಡಿ ಚುಚ್ಚಿ, ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ. ಬಿಚ್ಚಿದಾಗ ಹಿಟ್ಟಿನ ಮೈಮೇಲೆ ಆ ಮೂರು ಗೆರೆ ಅಚ್ಚಾಗಿತ್ತು. ಹಸಿ ಎಲೆ ಬೇಕಿದ್ದರೆ ಒಂದು ವಾರ ಮುಂಚೆ ಹೇಳಿಡಿ. ಬೆಳಿಗ್ಗೆ 11ರ ಒಳಗೆ ಹೋದರೆ ಯಜಮಾನರೇ ಇರುತ್ತಾರೆ.