ಪಕ್, ಕಾರ್ಡ್, ಜೆರ್ಸಿ: ಬ್ಯಾರಕೂಡಾ ಹುಡುಗರ ಸಹಿ ಯಾವುದರ ಮೇಲೆ ಚೆಂದ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಐಸ್ ಹಾಕಿ ತಂಡ ಬ್ಯಾರಕೂಡಾದ ಆಟಗಾರರ ಸಹಿ ಹಾಕಿಸಿಕೊಳ್ಳಲು ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ), ಕಾರ್ಡ್, ಜೆರ್ಸಿ ಮೂರನ್ನೂ ಒಯ್ದು ನೋಡಿದ್ದಾಯಿತು. ಈಗ ಮಗಳ ಜೊತೆ ಹೊರಟರೆ ನನ್ನ ಚೀಲದಲ್ಲಿ ಇರುವುದು ಪಕ್ ಮಾತ್ರ. ಸ್ಯಾನ್ ಹೊಸೆ ಸುತ್ತಮುತ್ತ ಇರುವ ಕನ್ನಡದವರು ಮಕ್ಕಳನ್ನು ಕರೆದುಕೊಂಡು ತಂಡದ ಅಂಗಳವಾದ ಟೆಕ್ ಸಿಯು ಅರೀನಾ ಕಡೆ ಹೋಗುವುದಿದ್ದರೆ, ನನ್ನ ಮಾತು ಕೇಳಿ, ಪಕ್ ತೆಗೆದುಕೊಳ್ಳಿ.

ಕಾರ್ಡ್ ಅಗ್ಗ, ಹಗುರ. ಆಟಗಾರನ ಮುಖ, ಹೆಸರು ಎಲ್ಲ ಅಚ್ಚಾಗಿರುವುದರಿಂದ ಹತ್ತು ವರ್ಷ ಬಿಟ್ಟು ತೆಗೆದರೂ ಯಾರ ಸಹಿ ಅಂತ ತಲೆ ಕೆರೆದುಕೊಳ್ಳಬೇಕಿಲ್ಲ. ಆದರೆ ಬ್ಯಾರಕೂಡಾ ಆಡುವ ಅಮೆರಿಕನ್ ಹಾಕಿ ಲೀಗಿಗೆ, ಅಂದರೆ ಎಎಚ್‌ಎಲ್‌ಗೆ, ಅದು ಹೊಂದುವುದಿಲ್ಲ. ಎಎಚ್‌ಎಲ್‌ನ 32 ತಂಡಗಳೂ ಅದಕ್ಕಿಂತ ಮೇಲಿನ ಲೀಗಾದ ಎನ್‌ಎಚ್‌ಎಲ್‌ನ ಒಂದೊಂದು ತಂಡಕ್ಕೆ ಹುಡುಗರನ್ನು ಪಳಗಿಸಿಕೊಡುತ್ತವೆ. ಬ್ಯಾರಕೂಡಾ ಪಳಗಿಸುವುದು ಸ್ಯಾನ್ ಹೊಸೆ ಶಾರ್ಕ್ಸ್‌ಗೆ. ಶಾರ್ಕ್ಸ್‌ನಲ್ಲಿ ಯಾರಿಗಾದರೂ ಪೆಟ್ಟಾಯಿತೋ, ಬ್ಯಾರಕೂಡಾದಿಂದ ಒಬ್ಬನಿಗೆ ಕರೆ ಬಂತು ಅಂತಲೇ ಲೆಕ್ಕ. ಬೇರೆ ತಂಡಗಳಲ್ಲಿ ಇದಕ್ಕೆ ಎಷ್ಟೋ ಸಲ ವಿಮಾನ ಹತ್ತಬೇಕು. ಇಲ್ಲಿ ಎರಡೂ ತಂಡ ಒಂದೇ ಊರಲ್ಲಿವೆ, ಕಾರು ಹತ್ತಿದರೆ ಸಾಕು. 2024-25ರಲ್ಲಿ ಗೋಲ್‌ಕೀಪರ್ ಯಾರೊಸ್ಲಾವ್ ಅಸ್ಕಾರೋವ್ ಎರಡೂ ಕಡೆ ಆಡಿದರು. ಅಂಥವರ ಕಾರ್ಡ್ ಹಿಡಿದು ಸಾಲಲ್ಲಿ ನಿಂತರೆ, ಸಹಿ ಹಾಕುವ ಟೇಬಲ್ ಹತ್ತಿರ ಹೋಗುವವರೆಗೂ ಅವರು ಕೂತಿರುತ್ತಾರೋ ಇಲ್ಲವೋ ಗೊತ್ತಾಗುವುದಿಲ್ಲ. ಇನ್ನೊಬ್ಬ ಹುಡುಗ ನಗುತ್ತಾ ಕೈ ಚಾಚಿದಾಗ ಅವನ ಮುಂದೆ ಬೇರೆಯವನ ಮುಖ ಇಡುವುದು ನನ್ನಿಂದಾಗದು. ತಂಡದ ಲೋಗೊ ಇರುವ ಪಕ್ ಆದರೆ ಯಾರು ಕೂತಿದ್ದರೂ ಅವರದ್ದೇ. ರಣಜಿ ಆಡುತ್ತಿದ್ದ ಹುಡುಗ ಭಾರತ ತಂಡಕ್ಕೆ ಹೋದಾಗ ಆಗುವ ಖುಷಿ, ನಾವು ಹೆಸರೂ ಕೇಳಿರದ ಇಂಥವರಿಂದಲೇ ಮುಂದೆ ಸಿಗುವುದು.

ಜೆರ್ಸಿ ನೋಡಲು ಭರ್ಜರಿ, ದುಡ್ಡೂ ಭರ್ಜರಿ. ಬಟ್ಟೆಯನ್ನು ಇಬ್ಬರು ಎರಡು ಕಡೆ ಎಳೆದು ಹಿಡಿಯದಿದ್ದರೆ ಪೆನ್ನಿನ ತುದಿಗೆ ಸಿಕ್ಕಿ ಮಡಚಿಕೊಳ್ಳುತ್ತದೆ. ಸಹಿ ಬಿದ್ದ ಮೇಲೆ ತೊಳೆಯುವ ಹಾಗಿಲ್ಲ, ಹಾಗಾಗಿ ಮಗಳು ಹಾಕಿಕೊಳ್ಳುವ ಹಾಗೂ ಇಲ್ಲ. ನಮ್ಮ ಮನೆಗೆ ಅದು ಬೇಡ.

ಪಕ್ಕಿನಲ್ಲಿ ಒಂದೇ ಒಂದು ಕಿರಿಕಿರಿ ಇದೆ, ಪೆನ್ನಿನದ್ದು. ಕರಿ ರಬ್ಬರಿನ ಮೇಲೆ ನೀಲಿ, ಕಪ್ಪು ಶಾಯಿ ಕಾಣುವುದಿಲ್ಲ. ಟೇಬಲ್ ಮೇಲೆ ಇರುವುದು ಹೆಚ್ಚಾಗಿ ಫೋಟೊ, ಪೋಸ್ಟರಿಗೆ ಆಗುವ ಕರಿ ಮಾರ್ಕರ್‌ಗಳು. ಬೆಳ್ಳಿ ಬಣ್ಣದ್ದು ಬೇಕೆಂದರೆ ನಾವೇ ಒಯ್ಯಬೇಕು.

ಅದಕ್ಕೆ ಮೊದಮೊದಲು ನಾನು ಒಯ್ಯುತ್ತಿದ್ದದ್ದು ಪೇಂಟ್ ಮಾರ್ಕರ್. ಒಣಗಿದ ಮೇಲೆ ಅದರ ಹೊಳಪಿಗೆ ಸಾಟಿಯಿಲ್ಲ, ಒಣಗುವವರೆಗಿನ ಫಜೀತಿ ಮಾತ್ರ ಬೇಡವೇ ಬೇಡ. ಚೆನ್ನಾಗಿ ಅಲ್ಲಾಡಿಸಬೇಕು, ತುದಿಯನ್ನು ಕಾಗದಕ್ಕೆ ಒತ್ತಿ ಒತ್ತಿ ಬಣ್ಣ ಇಳಿಸಬೇಕು. ಆಟಗಾರನಿಗೆ ಅದೆಲ್ಲ ಹೇಳುವಷ್ಟು ಪುರಸೊತ್ತು ಎಲ್ಲಿ? ಒಬ್ಬರು ಮೊದಲ ಅಕ್ಷರಕ್ಕೇ ಜೋರಾಗಿ ಒತ್ತಿದರು, ಬಣ್ಣ ದಪ್ಪ ಹನಿಯಾಗಿ ನಿಂತಿತು. ಅವರೇ ಬೇಜಾರು ಮಾಡಿಕೊಂಡು ಪಕ್ಕನ್ನು ಮಟ್ಟಸವಾಗಿ ಹಿಡಿದು ಬಾಯಲ್ಲಿ ಊದಿದರು, ಸಹಿಯ ಕೆಳಗೆ ಜೆರ್ಸಿ ನಂಬರನ್ನೂ ನಿಧಾನವಾಗಿ ಬರೆದುಕೊಟ್ಟರು. ಮಗಳು ಅದನ್ನು ಅಂಚಿನಲ್ಲಿ ಎರಡೇ ಬೆರಳಲ್ಲಿ ಹಿಡಿದು ಹೊರಟಳು. 170 ಗ್ರಾಂ ಹತ್ತಿರದ ರಬ್ಬರ್ ತುಂಡು, ಪುಟ್ಟ ಬೆರಳು. ಜನರ ನಡುವೆ ಯಾರದೋ ತೋಳು ತಾಗಿ ಜಾರಿತು, ಹಿಡಿಯಲು ಹೋದ ಹೆಬ್ಬೆಟ್ಟು ನೇರ ನಂಬರಿನ ಮೇಲೆ. "ಅಪ್ಪಾ, ನಂಬರ್ ಅಳಿಸೋಯ್ತು" ಅಂತ ಕಣ್ಣಲ್ಲಿ ನೀರು ತುಂಬಿಕೊಂಡಳು. ಅವತ್ತೇ ಪೇಂಟ್ ಮಾರ್ಕರ್ ಬಿಟ್ಟೆ.

ಈಗ ಸಾಮಾನ್ಯ ಬೆಳ್ಳಿ ಪರ್ಮನೆಂಟ್ ಮಾರ್ಕರ್. ಗೆರೆ ಸ್ವಲ್ಪ ತೆಳು, ಹೊಳಪು ಒಂದು ಕೈ ಕಡಿಮೆ, ಆದರೆ ಬೇಗ ಒಣಗುತ್ತದೆ. ಹೊಸ ಪಕ್ಕಿನ ಮೇಲೆ ಕೆಲವೊಮ್ಮೆ ಜಿಡ್ಡಿನಂಥದ್ದು ಇರುತ್ತದೆ, ಶಾಯಿ ಕಚ್ಚುವುದಿಲ್ಲ. ಹಿಂದಿನ ರಾತ್ರಿಯೇ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿಟ್ಟರೆ ಸರಿಹೋಗುತ್ತದೆ. ಲೋಗೊ ಇರುವ ಕಡೆ ಕೊಡಬೇಡಿ. ಬಣ್ಣದ ಅಚ್ಚಿನ ಮೇಲೆ ಬೆಳ್ಳಿ ಗೆರೆ ಎದ್ದು ಕಾಣುವುದಿಲ್ಲ. ಪಕ್ಕನ್ನು ಮಗುಚಿ, ಖಾಲಿ ಮುಖ ಮೇಲೆ ಮಾಡಿ, ಮಾರ್ಕರಿನ ಮುಚ್ಚಳ ತೆಗೆದೇ ಮುಂದಿಡಿ.

ಸಹಿ ಓದಲು ಬಾರದು ಅನ್ನುವ ದೂರು ಪಕ್ಕಿಗೆ ಇದ್ದೇ ಇದೆ. ಬಹಳ ಆಟಗಾರರು ನಂಬರ್ ಬರೆಯುತ್ತಾರೆ, ಬರೆಯದವರನ್ನು ಕೇಳಿದರೆ ಬೇಡವೆನ್ನುವುದಿಲ್ಲ. ಆದರೆ ನಂಬರ್ ಮುಂದಿನ ವರ್ಷ ಇನ್ನೊಬ್ಬರ ಪಾಲಾಗಬಹುದು, ಅದಕ್ಕೇ ಕಾರಿಗೆ ಬಂದ ತಕ್ಷಣ ಹೆಸರು, ತಾರೀಖು ಚೀಟಿಯಲ್ಲಿ ಬರೆದು ಪಕ್ಕಿನ ಡಬ್ಬಿಗೆ ಹಾಕುತ್ತೇವೆ.

ನಮ್ಮದು ತಿಂಗಳ ಲೆಕ್ಕ ಇಟ್ಟು ನಡೆಯುವ ಮನೆ. ಜೆರ್ಸಿಯ ದುಡ್ಡಲ್ಲಿ ವರ್ಷವಿಡೀ ಪಕ್ ಕೊಳ್ಳಬಹುದು, ಮಗಳ ಶೆಲ್ಫಿನಲ್ಲಿ ಸಾಲಾಗಿ ಜೋಡಿಸಲೂಬಹುದು. ನಿಮಗೆ ಒಬ್ಬನೇ ಆಟಗಾರನ ಮೇಲೆ ಪ್ರಾಣವಿದ್ದು, ಅವನು ಬಂದೇ ಬರುತ್ತಾನೆ ಅಂತ ಅವತ್ತು ಬೆಳಗ್ಗೆ ಖಾತ್ರಿಯಾದರೆ ಕಾರ್ಡೂ ಒಂದಿರಲಿ, ನೀಲಿ ಮಾರ್ಕರ್ ಜೊತೆಗೆ. ಹೊಳಪಿನ ಕಾರ್ಡಿನ ಮೇಲೆ ಶಾಯಿ ಒಡೆದುಹೋಗದಂತೆ ಮೊದಲು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿಕೊಂಡು ಹೋಗಿ.