ಫೋನಿನಲ್ಲಿ ಮಾತಾಡುವವರು ವಿಶ್ವವಿದ್ಯಾಲಯದವರಲ್ಲ

ಆನ್‌ಲೈನ್‌ನಲ್ಲಿ ಎಂಬಿಎ, ಎಂಕಾಂ, ಎಂಸಿಎ ಓದಬೇಕೆಂದು ಹೊರಟಿರುವವರು, ಮನೆಯಲ್ಲಿ ಅಂಥ ಮಕ್ಕಳಿರುವವರು ದಯವಿಟ್ಟು ಇದನ್ನು ಓದಿ. ಹಣ ಕಟ್ಟುವ ಮೊದಲೇ ಓದಿ. ನನ್ನ ತಂಗಿ ಅನುಭವಿಸಿದ್ದನ್ನು ಇನ್ನೊಬ್ಬರು ಅನುಭವಿಸಬಾರದು ಎಂದೇ ಬರೆಯುತ್ತಿದ್ದೇನೆ.

ಅವಳು ತುಮಕೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ. ಬಡ್ತಿಗೆ ಸ್ನಾತಕೋತ್ತರ ಪದವಿ ಬೇಕು. ಕೆಲಸ ಬಿಟ್ಟು ಓದುವ ಅನುಕೂಲ ಇಲ್ಲ. ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಆನ್‌ಲೈನ್ ಎಂಬಿಎ ಜಾಹೀರಾತು ಮೊಬೈಲ್‌ನಲ್ಲಿ ಕಂಡಿತು. ಹೆಸರು, ಫೋನ್ ನಂಬರ್ ತುಂಬಿ ಮೊಬೈಲ್ ಕೆಳಗಿಡುವಷ್ಟರಲ್ಲಿ ಕರೆ ಬಂತು. "ಯೂನಿವರ್ಸಿಟಿಯ ಅಡ್ಮಿಷನ್ ಆಫೀಸಿನಿಂದ ಮಾತಾಡುತ್ತಿದ್ದೇನೆ ಮೇಡಂ" ಎಂದೇ ಆ ಹುಡುಗ ಶುರು ಮಾಡಿದ್ದು. ಕನ್ನಡದಲ್ಲಿ ವಿನಯವಾಗಿ ಮಾತಾಡಿದ. ಅವಳ ಕೆಲಸ, ಸಂಬಳ ಎಲ್ಲವನ್ನೂ ವಿಚಾರಿಸಿಕೊಂಡ. ಅವನಿಗೂ ಆ ವಿಶ್ವವಿದ್ಯಾಲಯಕ್ಕೂ ಇದ್ದ ಸಂಬಂಧ ಇಷ್ಟೇ: ಅವನು ಸೀಟು ಮಾರಿಕೊಡುವ ಎಡ್‌ಟೆಕ್, ಅಂದರೆ ಆನ್‌ಲೈನ್ ಶಿಕ್ಷಣದ ವ್ಯಾಪಾರ ಮಾಡುವ, ಕಂಪನಿಯೊಂದರ ನೌಕರ. ಇದು ನಮಗೆ ತಿಳಿಯುವ ಹೊತ್ತಿಗೆ ತಂಗಿಯ ಹೆಸರಿನಲ್ಲಿ ಸಾಲ ಮಂಜೂರಾಗಿ ಹೋಗಿತ್ತು.

ಸಾಲ ಹೇಗೆ ಆಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಸಿಕ್ಕಿಬೀಳುವುದು ಅಲ್ಲೇ. ಒಟ್ಟು ಶುಲ್ಕ ಒಂದೂವರೆ ಲಕ್ಷಕ್ಕೂ ಮೇಲೆ. "ನಿಮಗೆ ಸ್ಕಾಲರ್‌ಶಿಪ್ ಬಂದಿದೆ, ಆದರೆ ಇವತ್ತು ರಾತ್ರಿಯವರೆಗೆ ಮಾತ್ರ" ಎಂದು ಅವಸರ ಹಚ್ಚಿದ. ಸೀಟು ಕಾಯ್ದಿರಿಸಲು ಐದು ಸಾವಿರ, ಉಳಿದದ್ದು ಬಡ್ಡಿಯಿಲ್ಲದ ತಿಂಗಳ ಕಂತು. ವಾಟ್ಸ್ಆ್ಯಪ್‌ನಲ್ಲಿ ಒಂದು ಲಿಂಕ್ ಬಂತು. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಒಂದು ಸೆಲ್ಫಿ. ಆಮೇಲೆ ಒಂದರ ಹಿಂದೊಂದು ಒಟಿಪಿ. "ಅಡ್ಮಿಷನ್ ವೆರಿಫಿಕೇಷನ್ ಮೇಡಂ, ಬೇಗ ಹಾಕಿ, ಇಲ್ಲದಿದ್ದರೆ ಮೊದಲಿನಿಂದ ಮಾಡಬೇಕಾಗುತ್ತದೆ" ಎಂದು ಅವನು ಫೋನಿನಲ್ಲೇ ಕಾದು ಕುಳಿತಿದ್ದ. ಆ ಒಟಿಪಿಗಳಲ್ಲಿ ಒಂದು ಹಣಕಾಸು ಕಂಪನಿಯ ಸಾಲದ ಒಪ್ಪಂದಕ್ಕೆ ಹಾಕಿದ ಸಹಿ. ಇನ್ನೊಂದು ಪ್ರತಿ ತಿಂಗಳು ಖಾತೆಯಿಂದ ಕಂತು ಎಳೆದುಕೊಳ್ಳಲು ಬ್ಯಾಂಕಿಗೆ ಕೊಟ್ಟ ಅನುಮತಿ. ಆ ಸಂದೇಶಗಳನ್ನು ನಾನು ಆಮೇಲೆ ಕುಳಿತು ಓದಿದೆ. ಒಂದರಲ್ಲೂ ವಿಶ್ವವಿದ್ಯಾಲಯದ ಹೆಸರಿಲ್ಲ. ಯಾವುದೋ ಫೈನಾನ್ಸ್ ಕಂಪನಿಯ ಹೆಸರು, ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ, ಕಂತಿನ ದಿನಾಂಕ. ಅಷ್ಟು ಹೊತ್ತು ಮಾತಾಡಿದ ಹುಡುಗ "ಸಾಲ" ಎಂಬ ಪದವನ್ನು ಒಮ್ಮೆಯೂ ಬಾಯಿಗೆ ತಂದಿರಲಿಲ್ಲ ಎಂದು ತಂಗಿ ಹೇಳುತ್ತಾಳೆ.

ಬಡ್ಡಿಯಿಲ್ಲದ ಕಂತು ಎಂದರೆ ಏನೆಂದು ಅರ್ಥ ಮಾಡಿಕೊಳ್ಳಿ. ಹಣಕಾಸು ಕಂಪನಿ ಪೂರ್ತಿ ಶುಲ್ಕವನ್ನು, ಬಡ್ಡಿಯ ಭಾಗ ಮುರಿದುಕೊಂಡು, ಮೊದಲೇ ಎಡ್‌ಟೆಕ್ ಕಂಪನಿಗೆ ಕೊಟ್ಟುಬಿಡುತ್ತದೆ. ಅಲ್ಲಿಗೆ ಮಾರಿದವನ ಲೆಕ್ಕ ಚುಕ್ತಾ. ಇನ್ನು ಉಳಿಯುವುದು ನೀವು ಮತ್ತು ಸಾಲ ಕೊಟ್ಟವರು. ತರಗತಿ ನಡೆಯಲಿ ಬಿಡಲಿ, ನೀವು ಓದಲಿ ಬಿಡಲಿ, ಕಂತು ನಿಲ್ಲುವುದಿಲ್ಲ. ಒಂದು ಕಂತು ತಪ್ಪಿದರೂ ಸಾಲಗಾರರ ಚರಿತ್ರೆ ಇಡುವ ಸಿಬಿಲ್ ದಾಖಲೆಯಲ್ಲಿ ನಿಮ್ಮ ಹೆಸರಿಗೇ ಮಸಿ. ನಾಳೆ ಮನೆ ಕಟ್ಟಲು ಸಾಲ ಕೇಳಿದರೆ ಬ್ಯಾಂಕಿನವರು ಅದನ್ನೇ ತೆಗೆದು ತೋರಿಸುತ್ತಾರೆ.

ಹಣ ಹೋದ ಮೇಲೆ ತಂಗಿಗೆ ಸಿಕ್ಕಿದ್ದು ಕಂಪನಿಯ ಆ್ಯಪ್‌ನಲ್ಲಿ ಎಂದೋ ರೆಕಾರ್ಡ್ ಮಾಡಿಟ್ಟ ಒಂದಷ್ಟು ವಿಡಿಯೊಗಳು. ದಾಖಲಾತಿ ಸಂಖ್ಯೆ ಕೇಳಿದರೆ ಬ್ಯಾಚ್ ತುಂಬಲಿ ಎಂದರು, ದಾಖಲೆ ಪರಿಶೀಲನೆಯಲ್ಲಿದೆ ಎಂದರು. ಮೊದಲು ಮಾತಾಡಿದ ಹುಡುಗನ ನಂಬರ್ ಕೆಲಸ ಮಾಡಲಿಲ್ಲ. ಕೊನೆಗೆ ಆ ಸೆಷನ್ನಿನ ಪ್ರವೇಶದ ಗಡುವೇ ಮುಗಿದು, "ನಿಮ್ಮನ್ನು ಜನವರಿ ಬ್ಯಾಚಿಗೆ ಹಾಕಿದ್ದೇವೆ" ಎಂಬ ಇಮೇಲ್ ಬಂತು. ಕಂತು ಮಾತ್ರ ಜುಲೈ ಬ್ಯಾಚಿನ ಲೆಕ್ಕದಲ್ಲೇ ಹೋಗುತ್ತಿತ್ತು.

ನೇರವಾಗಿ ವಿಶ್ವವಿದ್ಯಾಲಯದ ಕಚೇರಿಗೇ ಫೋನ್ ಮಾಡಿಸಿದೆ. ಅಲ್ಲಿದ್ದ ಗುಮಾಸ್ತರು ಸಮಾಧಾನದಿಂದಲೇ ಹಿಂದಿಯಲ್ಲಿ ಮಾತಾಡಿದರು. ಹೆಸರು ಹುಡುಕಿದರು, ಸಿಗಲಿಲ್ಲ. ಡೆಬ್ ಐಡಿ ಹೇಳಿ ಎಂದರು. ತಂಗಿ ನನ್ನ ಮುಖ ನೋಡಿ "ಅಣ್ಣ, ಹಾಗೆಂದರೇನು?" ಎಂದಳು.

ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲು ಗೊತ್ತಿರಬೇಕಾದದ್ದು ಅದೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದಲ್ಲಿ, ಅಂದರೆ ಯುಜಿಸಿಯಲ್ಲಿ, ದೂರಶಿಕ್ಷಣ ಬ್ಯೂರೋ ಎಂಬ ವಿಭಾಗವಿದೆ. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಡೆಬ್. 2024ರಿಂದ ದೂರಶಿಕ್ಷಣಕ್ಕಾಗಲಿ ಆನ್‌ಲೈನ್ ಪದವಿಗಾಗಲಿ ಸೇರುವ ವಿದ್ಯಾರ್ಥಿ ಆ ಬ್ಯೂರೋದ ಜಾಲತಾಣದಲ್ಲಿ ತನ್ನ ಐಡಿ ಮಾಡಿಕೊಳ್ಳುವುದು ಕಡ್ಡಾಯ. ಅದಕ್ಕೆ ಮೊದಲು, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಸರ್ಕಾರಿ ವ್ಯವಸ್ಥೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ಬೇಕು. ಎರಡಕ್ಕೂ ಹಣ ಕೊಡಬೇಕಿಲ್ಲ. ಮನೆಯಲ್ಲಿ ಕುಳಿತು ನೀವೇ ಮಾಡಿಕೊಳ್ಳಬಹುದು, ನೀವೇ ಮಾಡಿಕೊಳ್ಳಬೇಕು. ಡೆಬ್ ಐಡಿ ಕೇಳದೆ ನಿಮ್ಮ "ಅಡ್ಮಿಷನ್ ಆಯಿತು" ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ.

ಅದೇ ಜಾಲತಾಣದಲ್ಲಿ ಯಾವ ವಿಶ್ವವಿದ್ಯಾಲಯಕ್ಕೆ ಯಾವ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸಲು ಅನುಮತಿ ಇದೆ ಎಂಬ ಪಟ್ಟಿ ಇರುತ್ತದೆ. ವಿಶ್ವವಿದ್ಯಾಲಯ ದೊಡ್ಡದು, ಹೆಸರುವಾಸಿ ಎಂದ ಮಾತ್ರಕ್ಕೆ ಅದರ ಎಲ್ಲ ಕೋರ್ಸಿಗೂ ಅನುಮತಿ ಇದೆ ಎಂದು ತಿಳಿಯಬೇಡಿ. ಕೋರ್ಸಿನ ಹೆಸರು, ಸೆಷನ್, ಆನ್‌ಲೈನ್ ಮಾದರಿಯೋ ದೂರಶಿಕ್ಷಣ ಮಾದರಿಯೋ, ಮೂರನ್ನೂ ತಾಳೆ ನೋಡಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡಲು ಯಾರಿಗೂ ಅನುಮತಿ ಇಲ್ಲ. ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ. "ಮನೆಯಲ್ಲೇ ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆಯಬಹುದು" ಎಂದು ತಂಗಿಗೆ ಹೇಳಿದ್ದೂ ಸುಳ್ಳೇ. ಯುಜಿಸಿಯ 2020ರ ನಿಯಮಾವಳಿಯ ಪ್ರಕಾರ ಆಂತರಿಕ ಮೌಲ್ಯಮಾಪನಕ್ಕೆ ಹೆಚ್ಚೆಂದರೆ ಶೇ. 30, ಉಳಿದ ಅಂಕಕ್ಕೆ ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆಯನ್ನೇ ಬರೆಯಬೇಕು.

ಮಧ್ಯವರ್ತಿಗಳ ಮೂಲಕ ಪದವಿ ನಡೆಸುವ ಫ್ರಾಂಚೈಸಿ ಪದ್ಧತಿಯನ್ನು ಯುಜಿಸಿ ಒಪ್ಪುವುದಿಲ್ಲ. ಪ್ರವೇಶ, ಪಾಠ, ಪರೀಕ್ಷೆಗಳ ಹೊಣೆ ವಿಶ್ವವಿದ್ಯಾಲಯದ್ದೇ. ಕನ್ನಡಿಗರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರಾಜ್ಯದ ಗಡಿಯಾಚೆ ಖಾಸಗಿ ಸಹಭಾಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಕೋರ್ಸುಗಳನ್ನೂ ನಡೆಸಿದ ಕಾರಣಕ್ಕೆ, 2012-13ರ ನಂತರ ಅದರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018-19ಕ್ಕೆ. ಆ ನಡುವೆ ನಮ್ಮದೇ ಹಳ್ಳಿ, ಪಟ್ಟಣಗಳಲ್ಲಿ ಪ್ರಾಮಾಣಿಕವಾಗಿ ಓದಿ ಪಾಸಾದವರು ಅಂಕಪಟ್ಟಿ ಹಿಡಿದು ಅಲೆದರು. ಈಗ ಅಲ್ಲಿ ನೆಮ್ಮದಿಯಾಗಿ ಓದಬಹುದು ಎಂಬುದು ಸಂತೋಷ. ಆದರೆ ಮಧ್ಯವರ್ತಿ ಮಾಡುವ ತಪ್ಪಿಗೆ ದಂಡ ತೆರುವವರು ವಿದ್ಯಾರ್ಥಿಗಳು ಎಂಬುದನ್ನು ನಾವು ನಮ್ಮ ರಾಜ್ಯದಲ್ಲೇ ಕಂಡವರು.

ಇಷ್ಟೆಲ್ಲ ಓದಿ ಆನ್‌ಲೈನ್ ಪದವಿಯ ಸಹವಾಸವೇ ಬೇಡ ಎಂದುಕೊಳ್ಳಬೇಡಿ. ಮಾನ್ಯತೆ ಇರುವ ವಿಶ್ವವಿದ್ಯಾಲಯದಿಂದ, ಅನುಮತಿ ಇರುವ ಕೋರ್ಸಿನಲ್ಲಿ ಪಡೆದ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ, ಊರು ಬಿಟ್ಟು ಹೋಗಲಾಗದವರಿಗೆ ಇದು ನಿಜವಾಗಿಯೂ ದೊಡ್ಡ ಅವಕಾಶ. ನನಗೆ ಸಿಟ್ಟು ಬರುವುದೂ ಅದಕ್ಕೇ. ಓದುವ ಆಸೆ ಇರುವವರನ್ನೇ ಹುಡುಕಿ ಹಿಡಿದು ಹೀಗೆ ಮಾಡುತ್ತಾರೆ. ಇಗ್ನೊ ಇದೆ, ನಮ್ಮ ಮುಕ್ತ ವಿಶ್ವವಿದ್ಯಾನಿಲಯ ಇದೆ, ಬಿಡಿ ವಿಷಯಗಳನ್ನು ಕಲಿಯಲು ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ ಇದೆ. ಇವರು ಯಾರೂ ರಾತ್ರಿ ಒಂಬತ್ತು ಗಂಟೆಗೆ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ.

ಹಣ ಕಟ್ಟುವುದಾದರೆ ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿ, ಅದರದೇ ಹೆಸರಿನ ಖಾತೆಗೆ ಕಟ್ಟಿ. ರಸೀದಿಯ ಮೇಲೆ ಯಾರ ಹೆಸರಿದೆ ನೋಡಿ. ತಂಗಿಯ ರಸೀದಿಯ ಮೇಲ್ಭಾಗದಲ್ಲಿ ವಿಶ್ವವಿದ್ಯಾಲಯದ ಲಾಂಛನ ದೊಡ್ಡದಾಗಿತ್ತು; ಹಣ ಪಡೆದವರ ಹೆಸರು ಮಾತ್ರ ಕೆಳಗೆ ಸಣ್ಣ ಅಕ್ಷರದಲ್ಲಿ, ಅದು ಕಂಪನಿಯದು. ಆ ಒಂದು ಸಾಲನ್ನು ತೋರಿಸಿಯೇ ವಿಶ್ವವಿದ್ಯಾಲಯದವರು ಕೈತೊಳೆದುಕೊಂಡರು. ಕಂಪನಿಯವರು "ಏಳು ದಿನದೊಳಗೆ ಕೇಳಬೇಕಿತ್ತು" ಎಂದರು. ಆ ಏಳು ದಿನದಲ್ಲಿ ಅವರು ಆ್ಯಪ್‌ನ ಪಾಸ್‌ವರ್ಡನ್ನೂ ಕಳಿಸಿರಲಿಲ್ಲ.

ಈಗಾಗಲೇ ಸಿಕ್ಕಿಕೊಂಡಿರುವವರಿಗೆ ಕೆಲವು ಮಾತು. ಕಂತು ಎಳೆಯದಂತೆ ಬ್ಯಾಂಕಿಗೆ ಹೇಳಿ ಅನುಮತಿ ರದ್ದು ಮಾಡಿಸಿದರೆ ಸಾಲ ರದ್ದಾಗುವುದಿಲ್ಲ. ಬಾಕಿ ಬೆಳೆಯುತ್ತದೆ, ವಸೂಲಿಯವರ ಫೋನು ಶುರುವಾಗುತ್ತದೆ. ಹಾಗಾಗಿ ಮೊದಲು ಸಾಲ ಕೊಟ್ಟ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿ. ಸಾಲ ಎಂದು ಹೇಳದೆ ಒಟಿಪಿ ಪಡೆದರು, ಸಾಲದ ವಿವರಪತ್ರ ಕೊಡಲಿಲ್ಲ, ಕೋರ್ಸಿಗೆ ದಾಖಲಾತಿಯೇ ಆಗಿಲ್ಲ ಎಂದು ದಿನಾಂಕಸಹಿತ ಬರೆಯಿರಿ. ಡಿಜಿಟಲ್ ಸಾಲ ಕೊಡುವ ಮುನ್ನ ಬಡ್ಡಿ, ಶುಲ್ಕಗಳ ವಿವರಪತ್ರ ಕೊಡಬೇಕು, ದಂಡವಿಲ್ಲದೆ ಹಿಂದೆ ಸರಿಯಲು ಒಂದಿಷ್ಟು ಅವಧಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ಎಡ್‌ಟೆಕ್ ಕಂಪನಿಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ದೂರಿನಲ್ಲಿ ಕಂಪನಿಯನ್ನೇ ಮುಂದಿಡಿ. ವಿಶ್ವವಿದ್ಯಾಲಯದ ವಿರುದ್ಧ ಹೋದರೆ, ವಿದ್ಯಾರ್ಥಿ ಗ್ರಾಹಕನಲ್ಲ ಎಂಬ ಸುಪ್ರೀಂ ಕೋರ್ಟಿನ 2010ರ ತೀರ್ಪನ್ನು ವಕೀಲರು ತಕ್ಷಣ ತೆಗೆಯುತ್ತಾರೆ. ವಿಶ್ವವಿದ್ಯಾಲಯದ ಮೇಲಿನ ದೂರಿಗೆ ಯುಜಿಸಿಯ ಇ-ಸಮಾಧಾನ ಪೋರ್ಟಲ್ ಇದೆ.

ವಾಟ್ಸ್ಆ್ಯಪ್ ಮಾತುಕತೆಯನ್ನು ಅಳಿಸಬೇಡಿ. ತಂಗಿಯ ಪ್ರಕರಣದಲ್ಲಿ ಸಾಲ ಕೊಟ್ಟ ಕಂಪನಿ ದಾರಿಗೆ ಬಂದದ್ದು "ಅಡ್ಮಿಷನ್ ವೆರಿಫಿಕೇಷನ್ ಒಟಿಪಿ ಬರುತ್ತದೆ, ಹಾಕಿ" ಎಂದು ಆ ಹುಡುಗ ಕಳಿಸಿದ್ದ ಒಂದೇ ಸಾಲಿನ ಸಂದೇಶದಿಂದ. ಉಳಿದ ಕಂತುಗಳನ್ನು ಅವರು ಮನ್ನಾ ಮಾಡಿದ್ದಾರೆ. ಕಟ್ಟಿದ ಹಣ ಇನ್ನೂ ಬಂದಿಲ್ಲ, ದೂರು ನಡೆಯುತ್ತಿದೆ.