ಕಾಲಿಗೆ ಪ್ಲಾಸ್ಟರ್ ಇದ್ದಾಗ ಥೀಮ್ ಪಾರ್ಕಿಗೆ ಹೊರಟಿದ್ದೀರಾ? ಮೊದಲು ಇದನ್ನು ಓದಿ

'ವೀಲ್‌ಚೇರ್ ಸೌಲಭ್ಯ ಇದೆ' ಅನ್ನುವ ಒಂದೇ ಮಾತು ನಂಬಿ ಥೀಮ್ ಪಾರ್ಕಿನ ಟಿಕೆಟ್ ತೆಗೆಯಬೇಡಿ. ಎಷ್ಟೋ ಕಡೆ ಆ ಮಾತು ಗೇಟು, ದಾರಿ, ಶೌಚಾಲಯಕ್ಕಷ್ಟೇ ಅನ್ವಯಿಸುತ್ತದೆ. ರೈಡ್‌ಗಳ ವಿಷಯವೇ ಬೇರೆ. ಪಾದದ ಗಂಟಿನ ಮೂಳೆ ಮುರಿದು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾಗ ಮನೆಯವರ ಜೊತೆ ಹೋಗಿದ್ದೆ. ಅಲ್ಲಿ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ಕೌಂಟರಿನವರಿಗೆ ನನ್ನ ಕಾಲು ಕಾಣುತ್ತಲೇ ಇತ್ತು. ಪೂರ್ತಿ ದುಡ್ಡು ತಗೊಂಡರು, ಏನೂ ಹೇಳಲಿಲ್ಲ. ಮೊದಲ ರೈಡಿನ ಹತ್ತಿರ ಹೋದಾಗಷ್ಟೇ 'ಪ್ಲಾಸ್ಟರ್ ಇದ್ದವರನ್ನು ಹತ್ತಿಸುವ ಹಾಗಿಲ್ಲ' ಅಂದರು. ನಿಯಮದ ಬಗ್ಗೆ ನನ್ನ ತಕರಾರಿಲ್ಲ. ರೈಡ್ ನಡುವೆ ಕೆಟ್ಟು ನಿಂತರೆ ಮೆಟ್ಟಿಲಿಳಿದು ಬರಬೇಕಾಗಬಹುದು, ಆ ಕಾಲಿನಲ್ಲಿ ಅದು ಆಗದ ಮಾತು. ಆದರೆ ದುಡ್ಡು ತಗೊಳ್ಳುವ ಮುಂಚೆಯೇ ಹೇಳಬೇಕಿತ್ತು, ಅಲ್ವಾ? ಹತ್ತಿಸಿಕೊಳ್ಳುವ ರೈಡ್‌ಗಳಲ್ಲೂ ಸಾಮಾನ್ಯವಾಗಿ ವೀಲ್‌ಚೇರಿನಿಂದ ಸೀಟಿಗೆ ನಾವೇ ಸರಿದು ಕೂರಬೇಕು. ಸಿಬ್ಬಂದಿ ಎತ್ತಿ ಕೂರಿಸುವುದಿಲ್ಲ.

ಅದಕ್ಕಿಂತ ಜಾಸ್ತಿ ನೋಯಿಸಿದ್ದು ಪಾರ್ಕಿನವರು ಕೊಟ್ಟ ವೀಲ್‌ಚೇರ್. ಕಾಲನ್ನು ಮೇಲೆತ್ತಿ ಚಾಚಿಡುವ ಆಸರೆ ಅದಕ್ಕಿರಲಿಲ್ಲ. ಪೆಟ್ಟಾದ ಕಾಲು ತುಂಬಾ ಹೊತ್ತು ಕೆಳಗೆ ಜೋತುಬಿದ್ದರೆ ಊತ ಏರುತ್ತದೆ. ಪ್ಲಾಸ್ಟರ್ ಹಿಗ್ಗುವ ವಸ್ತುವಲ್ಲ, ಒಳಗಿನ ಕಾಲಿಗೆ ಉಸಿರು ಕಟ್ಟಿದಂತಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲ್ಬೆರಳುಗಳು ದಪ್ಪಗಾಗಿ ಚರ್ಮ ಮಿರಮಿರ ಹೊಳೆಯುತ್ತಿತ್ತು. ಜಗಳ ಮಾಡಿ ಆಸರೆ ಇರುವ ಇನ್ನೊಂದನ್ನು ಪಡೆದೆವು. ಆಗ ಹೊಸ ತೊಂದರೆ. ಚಾಚಿದ ಕಾಲಿನಿಂದ ಕುರ್ಚಿ ಉದ್ದವಾಗುತ್ತದೆ, ಹಾವಿನಂತೆ ಸುತ್ತುವ ಕ್ಯೂ ಸಾಲಿನ ತಿರುವಿನಲ್ಲಿ ತಿರುಗುವುದೇ ಇಲ್ಲ. ಹೆಬ್ಬೆರಳು ನೇರ ಕಬ್ಬಿಣದ ಕಂಬಿಗೆ ಬಡಿಯಿತು. ಕಣ್ಣಲ್ಲಿ ನೀರೇ ಬಂತು.

ದಾರಿಗಳೂ ಅಷ್ಟೇ. ವೀಲ್‌ಚೇರಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಅನ್ನುವುದು ಹಲವು ದೇಶಗಳು ಒಪ್ಪಿರುವ ಅಳತೆ, ಅಂದರೆ 1 ಅಡಿ ಏರಲು 12 ಅಡಿ ಉದ್ದ. ಅಲ್ಲಿನ ಸೇತುವೆಯ ಇಳಿಜಾರು ನೋಡಿದರೇ ಭಯವಾಗುತ್ತಿತ್ತು. ಅಂಥ ಕಡೆ ಕುರ್ಚಿಯನ್ನು ಹಿಮ್ಮುಖವಾಗಿ, ನಿಧಾನವಾಗಿ ಇಳಿಸಬೇಕು. ಮುಂದಿನ ಪುಟ್ಟ ಚಕ್ರಗಳು ಚರಂಡಿ ಜಾಲರಿಗೆ ಸಿಕ್ಕಿಕೊಂಡರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ತಳ್ಳುವವರು ಇದನ್ನು ಮೊದಲೇ ತಿಳಿದಿರಲಿ.

ಹೋಗಲೇಬೇಕು ಅಂತಿದ್ದರೆ ಮುಂಚೆಯೇ ವಿಚಾರಿಸಿ. ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಳ್ಳಿ, ಫೋನಿನಲ್ಲಿ ಹೇಳಿದ ಮಾತಿಗೆ ಗೇಟಿನಲ್ಲಿ ಬೆಲೆ ಇರುವುದಿಲ್ಲ. ಪ್ಲಾಸ್ಟರ್ ಇದ್ದವರನ್ನು ಯಾವ ರೈಡ್‌ಗೆ ಬಿಡುತ್ತಾರೆ? ಕಾಲಿನ ಆಸರೆ ಇರುವ ವೀಲ್‌ಚೇರ್ ಕಾದಿರಿಸಬಹುದಾ? ಕ್ಯೂ ಬದಲು ಬೇರೆ ದಾರಿ ಇದೆಯಾ? ತಾತ್ಕಾಲಿಕ ಗಾಯಕ್ಕೂ ಆ ಸೌಲಭ್ಯ ಸಿಗುತ್ತದಾ? ಕೆಲವು ಕಡೆ ಸಿಗುವುದಿಲ್ಲ. ನೀರಿನ ಆಟಗಳ ಕಡೆ ಸುಳಿಯಲೇಬೇಡಿ, ಪ್ಲಾಸ್ಟರ್ ನೆನೆದರೆ ಮೆತ್ತಗಾಗುತ್ತದೆ, ಒಳಗಿನ ಚರ್ಮವೂ ಹಾಳಾಗುತ್ತದೆ.

ಇನ್ನೊಂದು ಮಾತು, ದಯವಿಟ್ಟು ಗಮನವಿಡಿ. ಆಗಾಗ ಕಾಲ್ಬೆರಳು ನೋಡಿಕೊಳ್ಳಿ. ಊತ ಬಂದರೆ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಮಲಗಿ ಕಾಲನ್ನು ಎದೆಗಿಂತ ಎತ್ತರದಲ್ಲಿಡಿ. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಮೀನಖಂಡದಲ್ಲಿ ನೋವು ಜಾಸ್ತಿಯಾದರೆ ಅಥವಾ ಏದುಸಿರು ಬಂದರೆ ಟಿಕೆಟ್ ದುಡ್ಡಿನ ಮುಖ ನೋಡದೆ ತಕ್ಷಣ ಆಸ್ಪತ್ರೆಗೆ ಹೊರಡಿ.